ಮದುವೆ ಫೋಟೋಗಳಿಗೆ ಎರಡನೇ ಡಿಸ್ಕ್

ಪ್ರಶ್ನೆ: ಸರ್, ಸಿಂಧನೂರಿನಲ್ಲಿ ನಮ್ಮ ಫೋಟೋ ಸ್ಟುಡಿಯೋ ಇದೆ. ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಸಿದ್ದೇನೆ. 240 ಜಿಬಿ ಎಸ್‌ಎಸ್‌ಡಿ ಮದುವೆ ಫೋಟೋಗಳಿಂದ ತುಂಬಿಹೋಗಿದೆ. 2 ಟಿಬಿ ಹಾರ್ಡ್ ಡಿಸ್ಕ್ ತಂದು ಜೋಡಿಸಿದೆ. ಡಿ ಡ್ರೈವ್ ಎಲ್ಲೂ ಕಾಣುತ್ತಿಲ್ಲ. ಎರಡನ್ನೂ ಸೇರಿಸಿ ಒಂದೇ ಮಾಡಬಹುದೇ?

ಉತ್ತರ: ಡಿ ಡ್ರೈವ್ ಹುಡುಕಬೇಡಿ, ಇಲ್ಲಿ ಅದು ಇರುವುದೇ ಇಲ್ಲ. ಲಿನಕ್ಸ್‌ನಂಥ ಯುನಿಕ್ಸ್ ಕುಲದ ಸಿಸ್ಟಮ್‌ಗಳಲ್ಲಿ ಡಿಸ್ಕ್ ಎಷ್ಟೇ ಇರಲಿ, ಮನೆ ಒಂದೇ. ಹೊಸ ಡಿಸ್ಕ್ ಆ ಮನೆಯ ಯಾವುದೋ ಒಂದು ಫೋಲ್ಡರಿನಲ್ಲಿ ಬಂದು ಕೂರುತ್ತದೆ. ಮೌಂಟ್ ಅನ್ನುವುದು ಇದನ್ನೇ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅವರದೂ ನಿಮ್ಮದೇ ಪಾಡು. ಮೊದಲ ಡಿಸ್ಕ್ ತುಂಬಿತು, ಪ್ರೋಗ್ರಾಮ್‌ಗಳು ಎರಡನೆಯದರಲ್ಲಿದ್ದ 'ಯುಎಸ್‌ಆರ್' ಫೋಲ್ಡರಿಗೆ ಹೋದವು. ನಿಮ್ಮ ಕ್ಯಾಮೆರಾದ ಒಂದು ರಾ ಫೋಟೋ ಕೂಡ ಆಗಿನ ಡಿಸ್ಕಿನಲ್ಲಿ ಹಿಡಿಸುತ್ತಿರಲಿಲ್ಲ ಬಿಡಿ.

ಸೇರಿಸಿ ಒಂದು ಮಾಡಲು ಎಲ್‌ವಿಎಂ ಅಂತಿದೆ. ಬೇಡ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿ ಇದ್ದದ್ದೂ ಕೈಗೆ ಸಿಗುವುದು ಕಷ್ಟ. ಸಿಸ್ಟಮ್ ಎಸ್‌ಎಸ್‌ಡಿಯಲ್ಲೇ ಇರಲಿ, ಫೋಟೋ ಮಾತ್ರ ಹೊಸದಕ್ಕೆ ಹೋಗಲಿ.

ಹೊಸ ಡಿಸ್ಕನ್ನು ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಸದ್ಯಕ್ಕೆ 'ಎಂಎನ್‌ಟಿ' ಫೋಲ್ಡರಿನಲ್ಲಿ ಮೌಂಟ್ ಮಾಡಿ, ಆರ್‌ಸಿಂಕ್ ಅನ್ನುವ ಕಾಪಿ ಕಮಾಂಡ್‌ನಿಂದ ಫೋಟೋ ಕಾಪಿ ಮಾಡಿ. ಆಮೇಲೆ ಹಳೇ ಫೋಲ್ಡರಿನ ಹೆಸರು ಬದಲಿಸಿ, ಮೊದಲಿನ ಹೆಸರಿನಲ್ಲೇ ಖಾಲಿ ಫೋಲ್ಡರ್ ಮಾಡಿ, ಡಿಸ್ಕನ್ನು ಅಲ್ಲಿಗೆ ತನ್ನಿ. ತುಂಬಿದ ಫೋಲ್ಡರಿನ ಮೇಲೇ ಮೌಂಟ್ ಮಾಡಿದರೆ ಗೋಡೆಯ ಗೂಡಿನ ಮುಂದೆ ಬೀರು ನಿಲ್ಲಿಸಿದ ಹಾಗೆ. ಗೂಡಿನ ಸಾಮಾನು ಕಾಣುವುದಿಲ್ಲ, ಜಾಗ ಮಾತ್ರ ತಿನ್ನುತ್ತಲೇ ಇರುತ್ತದೆ. ಫೋಟೋ ಎಲ್ಲ ತೆರೆಯುತ್ತಿವೆ ಅಂತ ನೋಡಿಕೊಂಡೇ ಹಳೆಯದನ್ನು ಅಳಿಸಿ.

ಪ್ರತಿ ಸಲ ಕಂಪ್ಯೂಟರ್ ಶುರುವಾದಾಗ ತಾನಾಗಿ ಮೌಂಟ್ ಆಗಲು 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ಅದರಲ್ಲಿ ಡಿಸ್ಕಿಗೆ ಸಿಸ್ಟಮ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ಬರೆಯಬೇಡಿ, ಆ ಹೆಸರುಗಳು ಅದಲುಬದಲಾಗಬಹುದು. 'ಬಿಎಲ್‌ಕೆಐಡಿ' ಕಮಾಂಡ್ ತೋರಿಸುವ ಯುಯುಐಡಿ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಬರೆಯಿರಿ. ಜೊತೆಗೆ 'ನೋಫೇಲ್' ಅಂತಲೂ ಸೇರಿಸಿ, ಡಿಸ್ಕ್ ಸಿಗದಿದ್ದರೂ ಸಿಸ್ಟಮ್ ನಿಲ್ಲದಿರಲಿ ಅಂತ. ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ನಾನು ಇದನ್ನು ಬಿಟ್ಟಿದ್ದೆ. ಎರಡನೇ ಡಿಸ್ಕಿನ ಕೇಬಲ್ ಸಡಿಲಾಗಿತ್ತು, ಅಷ್ಟೇ. ಬೆಳಿಗ್ಗೆ ಕಂಪ್ಯೂಟರ್ ಅರ್ಧಕ್ಕೇ ನಿಂತು ರೂಟ್ ಪಾಸ್‌ವರ್ಡ್ ಕೇಳಿತು. ಹೊರಗೆ ಲಾರಿಗಳ ಸಾಲು, ಒಳಗೆ ಗುಮಾಸ್ತರು ಹಳೇ ಬಿಲ್ ಪುಸ್ತಕ ಹುಡುಕುತ್ತಿದ್ದರು. ನನ್ನ ಮುಖ ಮಾತ್ರ ಯಾರೂ ನೋಡಲಿಲ್ಲ.

ನೋಫೇಲ್ ಹಾಕಿದರೆ ಇನ್ನೊಂದು ಪೇಚು. ಡಿಸ್ಕ್ ಬರದಿದ್ದರೂ ಸಿಸ್ಟಮ್ ಸುಮ್ನೆ ಶುರುವಾಗುತ್ತದೆ, ಹೊಸ ಫೋಟೋಗಳು ಎಸ್‌ಎಸ್‌ಡಿಗೇ ಬೀಳುತ್ತವೆ. ಕ್ಯಾಮೆರಾ ಕಾರ್ಡ್ ಕಾಪಿ ಮಾಡುವ ಮುಂಚೆ, ಮೌಂಟ್ ಆದ ಡಿಸ್ಕ್‌ಗಳನ್ನು ತೋರಿಸುವ 'ಡಿಎಫ್ -ಹೆಚ್' ಕಮಾಂಡ್ ಕೊಟ್ಟು ಹೊಸ ಡಿಸ್ಕ್ ಇದೆಯಾ ನೋಡಿಕೊಳ್ಳಿ. ಹಾಗೇ ಎಫ್‌ಎಸ್‌ಟ್ಯಾಬ್ ಬರೆದ ಕೂಡಲೇ ರೀಬೂಟ್ ಮಾಡಬೇಡಿ. ಆ ಫೈಲಿನಲ್ಲಿರುವುದನ್ನೆಲ್ಲ ಮೌಂಟ್ ಮಾಡುವ 'ಮೌಂಟ್ -ಎ' ಕೊಡಿ. ಸಾಲಿನ ಬರವಣಿಗೆ ತಪ್ಪಿದ್ದರೆ ಸಾಮಾನ್ಯವಾಗಿ ಅಲ್ಲೇ ಬೈಯುತ್ತದೆ. ಯುಯುಐಡಿ ತಪ್ಪಿದ್ದರೆ ಮಾತ್ರ ನೋಫೇಲ್‌ನಿಂದಾಗಿ ಸುಮ್ಮನಿರಬಹುದು, ಆದ್ದರಿಂದ 'ಡಿಎಫ್ -ಹೆಚ್' ಕೂಡ ನೋಡಿ.