ಬೆಂಟ್ಲಿ ಮಾರ್ಕ್ 6 ತಗೊಳ್ಳಲೋ, ರೋಲ್ಸ್‌ರಾಯ್ಸ್ ಸಿಲ್ವರ್ ಡಾನ್ ತಗೊಳ್ಳಲೋ?

ಇಂಗ್ಲೆಂಡಿನಲ್ಲಿದ್ದೀರಿ, ಎರಡನೇ ಮಹಾಯುದ್ಧ ಮುಗಿದ ಕಾಲದ ಒಂದು ಕಾರು ಇಟ್ಟುಕೊಳ್ಳುವ ಆಸೆ, ಡಾನ್‌ಗೆ ಕೇಳುವ ಹೆಚ್ಚಿನ ದುಡ್ಡು ಕೊಡಬಹುದೇ ಅಂತ ನಿಮ್ಮ ಪ್ರಶ್ನೆ. ನಾನು ಇಲ್ಲೇ ಒಂಬತ್ತು ವರ್ಷದಿಂದ ಮಾರ್ಕ್ 6 ಸಾಕುತ್ತಿದ್ದೇನೆ. ಸಾಕುವುದು ಅನ್ನುವುದೇ ಸರಿ, ಆನೆ ಸಾಕಿದ ಹಾಗೆ. ಹಾಗಾಗಿ ನನ್ನ ಮಾತು ಬೆಂಟ್ಲಿ ಕಡೆ ವಾಲಿದರೆ ಆಶ್ಚರ್ಯಪಡಬೇಡಿ.

ಒಳಗೆ ಇವೆರಡೂ ಅಕ್ಕತಂಗಿಯರು. ಹುಟ್ಟಿದ್ದು ಇಂಗ್ಲೆಂಡಿನ ಕ್ರೂ ಊರಿನ ಒಂದೇ ಕಾರ್ಖಾನೆಯಲ್ಲಿ. ಮಾರ್ಕ್ 6ಕ್ಕೂ ಮೊದಲು ಕಂಪನಿ ಬರೀ ಚಾಸಿ, ಅಂದರೆ ಎಂಜಿನ್ ಚಕ್ರಗಳು ಕೂತ ಕೆಳಗಿನ ಚೌಕಟ್ಟು, ಕೊಡುತ್ತಿತ್ತು, ಬಾಡಿ ಕಟ್ಟಿಸುವುದು ಕೊಂಡವರ ಪಾಡು. 1946ರ ಮಾರ್ಕ್ 6 ಕಾರ್ಖಾನೆಯಿಂದಲೇ ಉಕ್ಕಿನ ಬಾಡಿ ಹೊತ್ತು ಬಂತು. 1949ರಲ್ಲಿ ಅದಕ್ಕೇ ರೋಲ್ಸ್ ಮುಖ, ಅಂದರೆ ಮುಂದಿನ ಗ್ರಿಲ್, ಕೂರಿಸಿ ಮೊದಲು ಹೊರದೇಶಕ್ಕೆ ಅಂತ ಮಾಡಿದ್ದು ಡಾನ್. ಆರು ಸಿಲಿಂಡರಿನ ಎಂಜಿನ್ನೂ ಅದೇ: 4,257 ಸಿಸಿ, 1951ರಿಂದ 4,566. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬೆಂಟ್ಲಿಗೆ ಎರಡು, ಡಾನ್‌ಗೆ ಒಂದೇ, ಆದ್ದರಿಂದ ಬೆಂಟ್ಲಿಗೆ ತುಸು ಚುರುಕು ಜಾಸ್ತಿ. ಮಾರ್ಕ್ 6 ಐದು ಸಾವಿರಕ್ಕೂ ಹೆಚ್ಚು ತಯಾರಾದವು, ಡಾನ್ ಸುಮಾರು 760. ಬೆಲೆಯ ಗುಟ್ಟು ಅಲ್ಲಿದೆ, ಆ ಗ್ರಿಲ್ಲಿನಲ್ಲಿದೆ.

ಓಡಿಸುವ ಸುಖ ಬರೆದು ತಿಳಿಸುವಂಥದ್ದಲ್ಲ, ಆದರೂ ಒಂದೆರಡು ಹೇಳುತ್ತೇನೆ. ನನ್ನ ಕಾರಿನ ಗೇರ್ ಲಿವರ್ ಬಲಗಡೆ, ಸೀಟಿಗೂ ಬಾಗಿಲಿಗೂ ನಡುವೆ. ಪ್ಯಾಂಟಿನ ಕಾಲು ಸಿಕ್ಕಿಕೊಳ್ಳುತ್ತದೆ ಅಂತ ಎಷ್ಟೋ ಸಲ ಎಡಬಾಗಿಲಿನಿಂದಲೇ ಹತ್ತುತ್ತೇನೆ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಪೆಡಲ್ ಇದೆ, ನೂರು ಮೈಲಿಗೊಮ್ಮೆ ಒತ್ತಿದರೆ ಚಾಸಿಯ ಕೀಲುಗಳಿಗೆಲ್ಲ ಎಣ್ಣೆ ಹೋಗುತ್ತದೆ. ಕೆಳಗೆ ನೆಲಕ್ಕೂ ನಾಲ್ಕು ಹನಿ. ಬ್ರೇಕಿಗೆ ಬಲ ಕೂಡಿಸುವ ಸರ್ವೋ ತಿರುಗುವುದು ಗೇರ್‌ಬಾಕ್ಸಿನಿಂದ, ಗಾಡಿ ತೆವಳುವಾಗ ಅದೂ ನಿಧಾನವಾಗುತ್ತದೆ. ಪಾರ್ಕಿಂಗ್‌ನಲ್ಲಿ ಗೋಡೆ ಹತ್ತಿರ ಬಂದಾಗ ಮೊದಮೊದಲು ಜೀವ ಬಾಯಿಗೆ ಬರುತ್ತಿತ್ತು. ಪೆಟ್ರೋಲ್? ಲೀಟರಿಗೆ ಐದಾರು ಕಿಲೋಮೀಟರ್, ಬಿಡಿ.

ಈಗ ತುಕ್ಕಿನ ವಿಷಯ. ನನ್ನದನ್ನು ಕೊಂಡ ದಿನ ಪೇಂಟ್ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಮಾರಿದವರು ಟೀ ಬಿಸ್ಕತ್ತು ಕೊಟ್ಟು ಉಪಚರಿಸಿದರು, ನಾನು ಬಗ್ಗಿ ಕೆಳಗೆ ನೋಡಲೇ ಇಲ್ಲ. ಚಳಿಗಾಲದಲ್ಲಿ ಜ್ಯಾಕ್ ಮೇಲೆತ್ತಿಸಿದಾಗ, ಹಿಂದಿನ ಸ್ಪ್ರಿಂಗ್ ಕೂರುವ ಕಡೆ ಚಾಸಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ಹಪ್ಪಳದ ಹಾಗೆ ಉದುರಿತು. ವೆಲ್ಡಿಂಗ್‌ಗೆ ಆದ ಖರ್ಚು ಕೊಂಡ ಬೆಲೆಯ ಅರ್ಧ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಇಂಥ ಕಾರುಗಳಿಗೆ ರಸ್ತೆ ತೆರಿಗೆಯೂ ಇಲ್ಲ, ಎಮ್‌ಒಟಿ ಅನ್ನುವ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆಯೂ ಸಾಮಾನ್ಯವಾಗಿ ಕಡ್ಡಾಯವಲ್ಲ. ಕೇಳಲು ಚೆನ್ನ, ಆದರೆ ಅದರ ಅರ್ಥ ವರ್ಷಗಟ್ಟಲೆ ಯಾರೂ ಕಾರಿನಡಿ ಇಣುಕಿಲ್ಲದಿರಬಹುದು. ಬಾಗಿಲ ಕೆಳಗಿನ ಸಿಲ್, ಹಿಂಚಕ್ರದ ಸುತ್ತ, ಬೂಟ್ ನೆಲ, ಎಲ್ಲ ಕೈಯಿಂದ ಮುಟ್ಟಿ ನೋಡಿ. ಬೇಕಿದ್ದರೆ ಎಮ್‌ಒಟಿ ಮಾಡಿಸಿಕೊಡಿ ಅಂತ ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಂದ ಹೊರಡಿ.

ಡಾನ್ ಅಂತ ತೋರಿಸಿದರೆ ಮೊದಲು ಚಾಸಿ ನಂಬರ್ ಓದಿ. ಬಾಡಿ ಒಂದೇ ಆದ್ದರಿಂದ ಬೆಂಟ್ಲಿಗೆ ರೋಲ್ಸ್ ಗ್ರಿಲ್ ಹಾಕಿ ಮಾರುವುದು ಕಷ್ಟವೇನಲ್ಲ. ಅಸಲಿ ಡಾನ್ ನಂಬರ್ 'ಎಸ್' ಅಕ್ಷರದಿಂದ ಶುರುವಾಗುತ್ತದೆ, ಮಾರ್ಕ್ 6ದು 'ಬಿ' ಇಂದ.

ನಾಳೆ ಮಾರುವ ಯೋಚನೆಯೂ ಇದ್ದರೆ, ಅಸಲಿ ದಾಖಲೆ ಇರುವ ಡಾನ್‌ಗೆ ದುಡ್ಡು ಕೊಡಿ. ಭಾನುವಾರ ಓಡಿಸುವುದಕ್ಕಾದರೆ ಅದೇ ದುಡ್ಡಿಗೆ ತುಕ್ಕಿಲ್ಲದ ಮಾರ್ಕ್ 6, ಆದರೆ 1951ರ ನಂತರದ ದೊಡ್ಡ ಎಂಜಿನ್ನಿನದು.