ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ವಿಮಾನದ ದೂರ ಅಳೀಬೇಡಿ

ಟೋಕಿಯೊ ನರಿಟಾದಿಂದ ಲಾಸ್ ಏಂಜಲೀಸ್‌ಗೆ 9,230 ಕಿ.ಮೀ., ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದ್ರೆ ಹತ್ತೂಕಾಲು ಗಂಟೆ, ವಾಪಸ್ ಬರೋಕೂ ಅಷ್ಟೇ ಅಂತ ಈ ಚರ್ಚೆಯಲ್ಲಿ ಒಬ್ರು ಹಾಕಿದಾರೆ. ಮೂರೂ ತಪ್ಪು ಮಾರಾಯ್ರೆ.

ಎರಡೂ ಏರ್‌ಪೋರ್ಟ್ 34–36 ಡಿಗ್ರಿ ಉತ್ತರದಲ್ಲಿವೆ ಅಂತ ಅಡ್ಡಗೆರೆ ಎಳೆದು ಅಕ್ಷಾಂಶದ ಗುಂಟ ಅಳೆದಿದೀರಿ. ಗ್ರೇಟ್ ಸರ್ಕಲ್ ದಾರಿ (ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿ) ಮಧ್ಯದಲ್ಲಿ 47 ಡಿಗ್ರಿ ದಾಟಿ ಉತ್ತರಕ್ಕೆ ಬಾಗುತ್ತೆ, ದೂರ ಬರೋದು ಸುಮಾರು 8,750 ಕಿ.ಮೀ.

ಎಕ್ಸೆಲ್‌ನಲ್ಲಿ ಹೀಗೆ ಮಾಡಿ: ಎರಡು ಅಕ್ಷಾಂಶಗಳ ಸೈನ್ ಗುಣಿಸಿ ಒಂದು ಕಡೆ ಇಡಿ. ಅವೆರಡರ ಕೊಸೈನ್ ಗುಣಿಸಿ, ರೇಖಾಂಶದ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ, ಮೊದಲಿನದಕ್ಕೆ ಕೂಡಿಸಿ. ಆರ್ಕ್‌ಕೊಸೈನ್ ತೆಗೆದು ಡಿಗ್ರಿಗೆ ತಂದ್ರೆ 78.7. 60ರಿಂದ ಗುಣಿಸಿದ್ರೆ ನಾಟಿಕಲ್ ಮೈಲಿ, 4,724ರ ಹತ್ರ. ಅದಕ್ಕೆ 1.852 ಗುಣಿಸಿದ್ರೆ ಕಿಲೋಮೀಟರ್. ಎಕ್ಸೆಲ್‌ಗೆ ಕೋನ ರೇಡಿಯನ್‌ನಲ್ಲೇ (ಕೋನದ ಇನ್ನೊಂದು ಅಳತೆ) ಕೊಡಬೇಕು, ಆರ್ಕ್‌ಕೊಸೈನ್ ಕೊಡೋದೂ ಅದರಲ್ಲೇ, ಡಿಗ್ರಿ ತುರುಕಿದ್ರೆ ಏನೇನೋ ಬರುತ್ತೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕೋದು ಮರೆತ್ರಂತೂ ಇದೇ ಜೋಡಿಗೆ 2,000 ಕಿ.ಮೀ. ತೋರಿಸುತ್ತೆ! ಚಾರ್ಟ್‌ನಲ್ಲಿ 35 ಡಿಗ್ರಿ 46 ಮಿನಿಟ್ ಅಂತಿದ್ರೆ ಅದು 35.77, 35.46 ಅಲ್ಲ. ಭೂಮಿ ಪೂರ್ತಿ ಗುಂಡಗಿಲ್ಲ ಅಂತ ತಕರಾರು ತೆಗೀಬೇಡಿ, ಅದರಿಂದ ಅರ್ಧ ಪರ್ಸೆಂಟ್ ಕೂಡ ಹೆಚ್ಚುಕಮ್ಮಿ ಆಗಲ್ಲ. ಹತ್ತಿರದ ಊರುಗಳಿಗೆ ಮಾತ್ರ ಹ್ಯಾವರ್‌ಸೈನ್ ಅನ್ನೋ ಇನ್ನೊಂದು ಸೂತ್ರ ಬಳಸಿ.

ಇನ್ನು ಟೈಮು. ವಿಮಾನ ಗ್ರೇಟ್ ಸರ್ಕಲ್ ಮೇಲೇ ಕರಾರುವಾಕ್ಕಾಗಿ ಹೋಗಲ್ಲ, ನಾನು 3 ಪರ್ಸೆಂಟ್ ಸೇರಿಸ್ತೀನಿ: 4,866 ನಾಟಿಕಲ್ ಮೈಲಿ. ಗಾಳಿಯಲ್ಲಿ ವೇಗ 480 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಇಟ್ಕೊಳ್ಳಿ. ಚಳಿಗಾಲದಲ್ಲಿ ಪೂರ್ವಕ್ಕೆ ಹೋಗುವಾಗ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪೂರ್ವಕ್ಕೆ ಬೀಸೋ ಜೋರು ಗಾಳಿ) ಸರಾಸರಿ 60 ನಾಟ್ ತಳ್ಳಿದ್ರೆ 9 ಗಂಟೆ, ಬರುವಾಗ ಅದೇ ಗಾಳಿ ಎದುರಾದ್ರೆ ಹನ್ನೊಂದೂವರೆ ದಾಟುತ್ತೆ. ಹೋಗ್ತಾ ಉಳಿಸಿದ್ದು ಬರ್ತಾ ಕಳೆದು ಸರಿಹೋಗುತ್ತೆ ಅನ್ನೋದೂ ಸುಳ್ಳು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರೋದ್ರಿಂದ ಗಾಳಿ ಇಲ್ಲದ ಲೆಕ್ಕಕ್ಕಿಂತ ಹೋಗಿಬರೋಕೆ ಸುಮಾರು 20 ನಿಮಿಷ ಜಾಸ್ತಿನೇ. ಇದರ ಮೇಲೆ ಟ್ಯಾಕ್ಸಿ (ವಿಮಾನ ನೆಲದ ಮೇಲೆ ಓಡೋದು), ಏರೋದು, ಇಳಿಯೋದು ಅಂತ ಮುಕ್ಕಾಲು ಗಂಟೆ ಹಾಕಿ. ಟಿಕೆಟ್‌ನಲ್ಲಿರೋದು ಗೇಟ್‌ನಿಂದ ಗೇಟ್‌ಗೆ ಟೈಮು, ಹಾರಾಟದ್ದಲ್ಲ.

ಗಾಳಿ ಸಮೇತ ಬೇಕಿದ್ದರೆ ಸಿಮ್‌ಬ್ರೀಫ್ ಅನ್ನೋ ಫ್ಲೈಟ್ ಪ್ಲಾನಿಂಗ್ ಸೈಟ್ ಒಳ್ಳೇದು. ಬರೀ ದೂರಕ್ಕೆ ಗ್ರೇಟ್ ಸರ್ಕಲ್ ಮ್ಯಾಪರ್ ಸೈಟ್ ಸಾಕು, ನೋಡೋಕೆ ಹಳೇ ಕಾಲದ್ದು, ಆದ್ರೆ ಕೊಡೋ ಉತ್ತರ ನೇರ. "ಫ್ಲೈಟ್ ಟೈಮ್ ಕ್ಯಾಲ್ಕ್ಯುಲೇಟರ್" ಅಂತ ಜಾಹೀರಾತು ತುಂಬಿದ ಸೈಟುಗಳಲ್ಲಿ ಎಷ್ಟೋ ದೂರನ ಒಂದೇ ವೇಗದಿಂದ ಭಾಗಿಸಿ ಅರ್ಧ ಗಂಟೆ ಸೇರಿಸ್ತವೆ, ಅಷ್ಟೇ. ಅವಕ್ಕೆ ಮುಚ್ಚಿದ ಆಕಾಶವೂ ಗೊತ್ತಿಲ್ಲ: 2022ರಲ್ಲಿ ರಷ್ಯಾ ವಾಯುಪ್ರದೇಶ ಬಂದ್ ಆದ್ಮೇಲೆ ಹೆಲ್ಸಿಂಕಿ–ಟೋಕಿಯೊ 9 ಚಿಲ್ಲರೆ ಗಂಟೆಯಿಂದ 13ರ ಹತ್ರ ಹೋಯ್ತು. ಊರು ಎಲ್ಲಿದ್ದವೋ ಅಲ್ಲೇ ಇವೆ.

ಸ್ಥಳೀಯ ಟೈಮ್‌ನಿಂದ ಸ್ಥಳೀಯ ಟೈಮ್ ಕಳೀಬೇಡಿ, ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತನ್ನಿ. ನರಿಟಾ 17:00 ಅಂದ್ರೆ ಯುಟಿಸಿ 08:00, ಹತ್ತು ಗಂಟೆ ಹಾರಿದ್ರೆ 18:00, ಲಾಸ್ ಏಂಜಲೀಸ್‌ನಲ್ಲಿ ಚಳಿಗಾಲದಲ್ಲಿ ಅದೇ ತಾರೀಖು ಬೆಳಿಗ್ಗೆ 10. ಬೇಸಿಗೆಯಾದ್ರೆ 11. ಹಾಗೇ ಏರ್‌ಪೋರ್ಟ್ ಕೋಡ್ ಇನ್ನೊಂದ್ಸಲ ನೋಡಿ: ಎಸ್‌ಜೆಸಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಎಸ್‌ಜೆಒ ಕೋಸ್ಟರಿಕಾದ್ದು.