ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೂ ಕೂದಲು ಉದುರುತ್ತಿದ್ದರೆ

ಅಕ್ಕಾರೆ, ಮಾತ್ರೆ ಶುರುವಾಗಿ ಎರಡು ತಿಂಗಳಾದರೂ ಕೂದಲು ಉದುರುವುದು ನಿಂತಿಲ್ಲ, ಕಲಬುರಗಿಯ ಬೋರ್ ನೀರು ಕಾರಣವಾ, ಮಾತ್ರೆ ಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನಡುವೆ ತುಂಡಾಗುತ್ತದೆ. ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದಲೇ ಉದುರಿದ್ದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಆಗುವುದು ಹೀಗೆಯೇ, ಇಡೀ ತಲೆ ತೆಳುವಾಗುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಸರಿಹೋದ ಮೇಲೂ ಹೊಸ ಕೂದಲು ಕಾಣಲು ಕೆಲವು ತಿಂಗಳು ಬೇಕು.

ಮಾತ್ರೆಯನ್ನು ಚಹಾದ ಜೊತೆ ನುಂಗುತ್ತೀರಿ ಅಂತ ಓದಿ ನನಗೆ ಚಿಂತೆಯಾಯಿತು. ಹಾಗೆ ಮಾಡಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ತಗೊಳ್ಳಿ, ಚಹಾ ಕುಡಿಯಲು 30ರಿಂದ 60 ನಿಮಿಷ ತಡೆಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಇರಲಿ. ಟಿಎಸ್‌ಎಚ್ ಮತ್ತೆ ನೋಡಿಸಲು ಈಗ ಸರಿಯಾದ ಹೊತ್ತು. ಜೊತೆಗೆ ಮೈಯಲ್ಲಿ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಲಾ ಅಂತ ಡಾಕ್ಟರನ್ನು ಕೇಳಿ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಜಾಸ್ತಿ ಅಲ್ವಾ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ 2 ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ಬರಬಹುದು.